ಗೆಳೆಯಾ, ಮೊದಲು ಒಂದಿಷ್ಟು ಉಣ್ಣು

ಪ್ರೀತಿಯ ಗೆಳೆಯಾ,

ಕರ್ತನ ಹೆಸರಿನಲ್ಲಿ ವಂದನೆ.

ತೋಟದ ಫೋಟೋ ನೋಡಿದೆ. ನಿನ್ನ ಅಪ್ಪ ನೆಟ್ಟ ಅಡಿಕೆ ಮರಗಳ ಸೋಗೆಯೆಲ್ಲ ಹಳದಿಗೆ ತಿರುಗಿದೆ. ಹಳದಿ ಎಲೆ ರೋಗಕ್ಕೆ ಮದ್ದಿಲ್ಲ ಅಂತ ಸುಳ್ಯ, ಸಂಪಾಜೆ ಕಡೆ ಮಕ್ಕಳಿಗೂ ಗೊತ್ತು. ಅದರ ಮೇಲೆ ಸೊಸೈಟಿ ಸಾಲ, ಅಮ್ಮನ ಆಪರೇಷನ್. ಇಷ್ಟೆಲ್ಲ ಬರೆದು ಕೊನೆಗೆ ಒಂದು ಮಾತು ಸೇರಿಸಿದ್ದೀಯ: "ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ ಮಾರಾಯ, ನನ್ನ ವಿಶ್ವಾಸ ಸತ್ತೇ ಹೋಯಿತೋ ಏನೋ." ತೋಟಕ್ಕೆ ಏನು ಮಾಡಬೇಕೆಂದು ನನಗೂ ತೋಚುತ್ತಿಲ್ಲ. ಆದರೆ ಈ ಕೊನೆಯ ಮಾತನ್ನು ನಾನು ಒಪ್ಪಲಾರೆ.

ಬೈಬಲಿನ ಪ್ರವಾದಿ ಎಲೀಯನನ್ನು ನೆನೆಸಿಕೋ. ಸಂಡೇ ಸ್ಕೂಲಿನಲ್ಲಿ ನಾವು ಕಲಿತದ್ದು ಕರ್ಮೆಲ್ ಬೆಟ್ಟದ ಕಥೆ: ಆಕಾಶದಿಂದ ಬೆಂಕಿ ಇಳಿದದ್ದು, ಬಾಳ್ ದೇವತೆಯ ಪ್ರವಾದಿಗಳು ಸೋತದ್ದು. ಅದರ ಮುಂದಿನ ಅಧ್ಯಾಯ, 1 ಅರಸುಗಳು 19, ಯಾರೂ ಅಷ್ಟಾಗಿ ಹೇಳಿಕೊಡಲಿಲ್ಲ. ಅದೇ ಎಲೀಯ ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡುತ್ತಾನೆ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅಡವಿಯೊಳಗೆ ನಡೆದು, ಗಿಡವೊಂದರ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆ ಎಂದು ಬೇಡಿಕೊಳ್ಳುತ್ತಾನೆ. ದೇವರು ಗದರಿಸಲಿಲ್ಲ. ಬೆಟ್ಟದ ಮೇಲೆ ಬೆಂಕಿ ಇಳಿಸಿದ್ದನ್ನು ಮರೆತೆಯಾ ಎಂದು ಕೇಳಲೂ ಇಲ್ಲ. ನಿದ್ದೆ ಮಾಡಲು ಬಿಟ್ಟನು. ದೂತನು ಮುಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದ, ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿದ ದೂತ ಹೇಳಿದ್ದಿಷ್ಟು: ಏಳು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು. ನಿನ್ನ ಕೈಲಾಗದ್ದು ಎಂದು ದೇವರ ಕಡೆಯಿಂದಲೇ ಮಾತು ಬಂತಲ್ಲ! ನನಗೆ ಇಷ್ಟು ಸಮಾಧಾನ ಕೊಟ್ಟ ವಾಕ್ಯ ಬೇರೆ ಇಲ್ಲ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಕೇಳಿಸಿದ್ದು ಆಮೇಲೆ, 40 ದಿನ ನಡೆದ ಮೇಲೆ.

ನನ್ನ ಹೆಂಡತಿ ಐಸಿಯುನಲ್ಲಿದ್ದ ದಿನಗಳು ನಿನಗೆ ಗೊತ್ತು. ಬಂದವರೆಲ್ಲ "ಎಲ್ಲಾ ದೇವರ ಚಿತ್ತ" ಎಂದು ಹೇಳಿ ಹೋಗುತ್ತಿದ್ದರು. ನಮ್ಮ ಸಭೆಯ ಅಜ್ಜಿಯೊಬ್ಬರು ಮಾತ್ರ ಏನೂ ಹೇಳಲಿಲ್ಲ. ಟಿಫಿನ್ ಕ್ಯಾರಿಯರ್ ಬಿಚ್ಚಿ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ ಮುಂದಿಟ್ಟರು. ನಾನು ಉಣ್ಣುವವರೆಗೂ ಬೆಂಚಿನ ಮೇಲೆ ಕೂತಿದ್ದು, ಪಾತ್ರೆಯನ್ನು ನಲ್ಲಿಯಲ್ಲಿ ತಾವೇ ತೊಳೆದುಕೊಂಡು ಬಸ್ಸಿಗೆ ಹೊರಟರು. ಮರುದಿನವೂ ಬಂದರು. ಆ ವಾರ ನಾನು ಬೈಬಲ್ ತೆರೆಯಲಿಲ್ಲ, ಆದರೂ ದೇವರು ನನ್ನ ಹತ್ತಿರವೇ ಇದ್ದನೆಂದು ಧೈರ್ಯವಾಗಿ ಹೇಳಬಲ್ಲೆ.

ಪುನರುತ್ಥಾನವಾದ ಯೇಸುವೂ ಹೀಗೇ ಅಲ್ಲವೇ? ಯೋಹಾನ 21 ಓದು. ತಿಬೇರಿಯ ಸಮುದ್ರದಲ್ಲಿ ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಸೋತು ಬಂದ ಶಿಷ್ಯರಿಗೆ ದಡದಲ್ಲಿ ಕೆಂಡ ಮಾಡಿ ಮೀನು ಸುಟ್ಟು, ರೊಟ್ಟಿ ಇಟ್ಟು ಊಟಕ್ಕೆ ಕರೆಯುತ್ತಾನೆ. ಅವರಲ್ಲಿ ಪೇತ್ರನೂ ಇದ್ದ, ಯೇಸುವನ್ನು ಮೂರು ಸಲ ಅರಿಯೆನೆಂದವನು. ನನ್ನನ್ನು ಪ್ರೀತಿಸುತ್ತೀಯಾ ಎಂದು ಅವನಿಗೆ ಪ್ರಶ್ನೆ ಕೇಳಿದ್ದೂ ಊಟವಾದ ಮೇಲೆಯೇ. ಆ ಮೀನು ಸುಟ್ಟ ಕೈಯಲ್ಲಿ ಮೊಳೆಯ ಗಾಯವಿತ್ತು. ಶಿಲುಬೆಯ ಮೇಲೆ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಎಂದು ಕೂಗಿದವನು ಅವನೇ. ನನ್ನ ನಿರೀಕ್ಷೆಯೆಲ್ಲ ಅವನ ಮೇಲೆ. ಕೈಬಿಟ್ಟಂತೆ ಅನಿಸುವುದು ಏನೆಂದು ಅವನಿಗೆ ಗೊತ್ತು, ಸಾವು ಅವನನ್ನು ಹಿಡಿದಿಡಲಾಗಲಿಲ್ಲ. ತೋಟ ಮತ್ತೆ ಹಸಿರಾಗುತ್ತದೆ ಎಂದು ನಾನು ಮಾತು ಕೊಡಲಾರೆ. ನಂಬಿದರೆ ಸಾಲ ತೀರುತ್ತದೆ ಎಂದು ಮೈಕಿನಲ್ಲಿ ಕೂಗುವವರು ಸುವಾರ್ತೆಗೆ ಅನ್ಯಾಯ ಮಾಡುತ್ತಾರೆ ಎಂದೇ ನನ್ನ ಅಭಿಪ್ರಾಯ.

ಮಾತು ಬಾರದಿದ್ದರೆ ಬಿಡು. ಆಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಸಾಧ್ಯವಾದರೆ 88ನೇ ಕೀರ್ತನೆ ಓದು. ಮೊದಲಿಂದ ಕೊನೆಯವರೆಗೆ ಬರೀ ಗೋಳು, ಮುಗಿಯುವುದೂ ಕತ್ತಲೆಯಲ್ಲೇ. ಅದನ್ನೂ ದೇವರು ಪ್ರಾರ್ಥನೆಯೆಂದೇ ತನ್ನ ಗ್ರಂಥದಲ್ಲಿ ಇಟ್ಟುಕೊಂಡಿದ್ದಾನೆ.

ಇನ್ನೊಂದು ವಿಷಯ, ಇದನ್ನು ನೇರವಾಗಿ ಹೇಳುತ್ತೇನೆ. ಎಲೀಯನಿಗೆ ಬಂದಂಥ ಯೋಚನೆ ನಿನಗೂ ಬರುತ್ತಿದ್ದರೆ ಮುಚ್ಚಿಡಬೇಡ. ನಡುರಾತ್ರಿಯಾದರೂ ನನಗೆ ಫೋನ್ ಮಾಡು. ನಾನು ಸಿಗದಿದ್ದರೆ 14416ಕ್ಕೆ ಮಾಡು, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರ ಹತ್ತಿರ ಮಾತಾಡಿದರೆ ವಿಶ್ವಾಸ ಕಡಿಮೆಯಾಯಿತು ಅಂತ ಅರ್ಥವಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಸಾಲದ ಕಾಗದ, ಪಾಸ್‌ಬುಕ್ಕು ಎಲ್ಲ ಒಂದು ಚೀಲದಲ್ಲಿ ಹಾಕಿಡು, ಸೊಸೈಟಿಗೆ ಇಬ್ಬರೂ ಹೋಗಿ ಕಂತಿನ ವಿಷಯ ಮಾತಾಡೋಣ. ಅಮ್ಮನಿಗೆ ಅಡುಗೆಯ ತೊಂದರೆ ಬೇಡ ಅಂತ ಹೇಳು, ಮಧ್ಯಾಹ್ನದ ಊಟಕ್ಕೆ ಬೇಕಾದ್ದನ್ನು ನನ್ನವಳು ಕಟ್ಟಿಕೊಡುತ್ತಾಳಂತೆ.

ಇಂತಿ,
ನಿನ್ನ ಹಳೆಯ ಸಂಡೇ ಸ್ಕೂಲ್ ಜೊತೆಗಾರ