ಸ್ಟಾರ್ ಇಲ್ಲದ ಸಿನಿಮಾಗೂ ಒಂದು ಸಂಜೆ ಇಡಿ

ನಲ್ಮೆಯ ಸದಸ್ಯರೇ,

ಚಳಿಗಾಲ ಬಂತೆಂದು ನಾವಿರುವ ಈ ಪರದೇಶದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಇನ್ನು ಸಂಜೆ ಐದಕ್ಕೇ ಕತ್ತಲು. ಊಟ ಮುಗಿಸಿ ಟೀವಿ ಮುಂದೆ ಕೂತರೆ, ಏನು ನೋಡೋದು ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಅಲ್ವಾ? ಹೊಸ ದೊಡ್ಡ ಸಿನಿಮಾಗಳ ಸುದ್ದಿ ತಾನಾಗಿಯೇ ನಮ್ಮ ಫೋನಿಗೆ ಬಂದುಬಿಡುತ್ತದೆ. ಕಡಿಮೆ ದುಡ್ಡಿನಲ್ಲಿ ಮಾಡಿದ ಹಳೆಯ ಚಿತ್ರಗಳ ಬಗ್ಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಈ ಸಲ ನಾನು ಹೇಳುತ್ತೇನೆ.

ಮೊದಲು ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಮುನಿಸಿಪಾಲಿಟಿಯಲ್ಲಿ ಜವಾನನಾಗಿದ್ದ ತಬರ ರಿಟೈರ್ ಆಗುತ್ತಾನೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ. ಆಪರೇಷನ್ನಿಗೆ ದುಡ್ಡು ಬೇಕು, ಪಿಂಚಣಿ ಬರುತ್ತಿಲ್ಲ. ತಬರನಾಗಿ ಚಾರುಹಾಸನ್ ಮೇಜಿನಿಂದ ಮೇಜಿಗೆ ಅಲೆಯುವುದನ್ನು ನೋಡುತ್ತಿದ್ದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಪ್ಪ ಇಲ್ಲಿಗೆ ಬಂದಿದ್ದಾಗ ಇದನ್ನು ಇಬ್ಬರೂ ಕೂತು ನೋಡಿದೆವು. ಅವರೂ ಸರ್ಕಾರಿ ಕೆಲಸದಲ್ಲಿದ್ದವರು. ಮುಗಿದ ಮೇಲೆ ಸುಮಾರು ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, ತಮ್ಮ ಪಿಂಚಣಿ ಕೈಗೆ ಬರಲು 14 ತಿಂಗಳು ಹಿಡಿದಿತ್ತು ಎಂದರು. ಮನೆಯಲ್ಲಿ ಯಾರಿಗೂ ಅಲ್ಲಿಯವರೆಗೆ ಅದು ಗೊತ್ತಿರಲಿಲ್ಲ.

ನಗು ಬೇಕೆನ್ನುವವರಿಗೆ ‘ತಿಥಿ’. ತುಂಬಾ ಹಳೆಯದಲ್ಲ, ಆದರೆ ನಮ್ಮಲ್ಲಿ ನೋಡದವರೇ ಜಾಸ್ತಿ. ರಾಮ್ ರೆಡ್ಡಿ ಇದನ್ನು ಮಂಡ್ಯದ ನೊದೆಕೊಪ್ಪಲಿನಲ್ಲಿ ಆ ಕಡೆಯ ಜನರನ್ನೇ ಹಾಕಿಕೊಂಡು ತೆಗೆದರು. 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ, ಮರಿಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ. ಮಗ ಗಡ್ಡಪ್ಪನಿಗೆ ಮಾತ್ರ ಯಾವುದೂ ಬೇಡ. ಹೊಲದ ಬದುವಿನಲ್ಲಿ ನಡೆಯುತ್ತಾನೆ, ಜೇಬಿನಿಂದ ಬಾಟಲಿ ತೆಗೆದು ಒಂದು ಗುಟುಕು ಕುಡಿಯುತ್ತಾನೆ, ಮತ್ತೆ ನಡೆಯುತ್ತಾನೆ. ಆ ಮಂಡ್ಯದ ಮಾತು ಕೇಳುವುದಕ್ಕಾದರೂ ನೋಡಿ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಚಿತ್ರ ಇದು. ಬೈಗುಳ ಧಾರಾಳವಾಗಿದೆ, ಚಿಕ್ಕ ಮಕ್ಕಳು ಮಲಗಿದ ಮೇಲೆ ಹಾಕಿ.

ಮಕ್ಕಳ ಜೊತೆ ನೋಡಲು ‘ಕೊಟ್ರೇಶಿ ಕನಸು’ ಇದೆ. ಓದು ಮುಂದುವರಿಸಲು ಹಂಬಲಿಸುವ ದಲಿತ ಹುಡುಗನ ಕಥೆ. ಕೊಟ್ರೇಶಿಯಾಗಿ ಪುಟ್ಟ ವಿಜಯ ರಾಘವೇಂದ್ರ.

ಕಾಸರವಳ್ಳಿಯವರ ಮೊದಲ ಚಿತ್ರ, 1977ರ ಕಪ್ಪು ಬಿಳುಪಿನ ‘ಘಟಶ್ರಾದ್ಧ’ವನ್ನು ಮನಸ್ಸು ಗಟ್ಟಿ ಇರುವ ದಿನ ನೋಡಿ. ಗುರುಗಳ ವಿಧವೆ ಮಗಳು ಯಮುನಕ್ಕನನ್ನು ಹಚ್ಚಿಕೊಂಡ ಪುಟ್ಟ ನಾಣಿಯ ಕಣ್ಣಿನಿಂದ ಇಡೀ ಕಥೆ ಕಾಣುತ್ತದೆ. ಈ ಚಿತ್ರವನ್ನು ಈಚೆಗೆ ಶುದ್ಧಗೊಳಿಸಿ, 2024ರ ವೆನಿಸ್ ಉತ್ಸವದಲ್ಲಿ ತೋರಿಸಿದರು.

ಯಾವುದು ಎಲ್ಲಿ ಸಿಗುತ್ತದೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಚಿತ್ರದ ಹೆಸರನ್ನು ಕನ್ನಡ ಲಿಪಿಯಲ್ಲೂ ಟೈಪ್ ಮಾಡಿ ಹುಡುಕಿ. ಸಿಕ್ಕ ತಕ್ಷಣ ಶುರು ಮಾಡದೆ ಎಷ್ಟು ನಿಮಿಷವಿದೆ ಎಂದು ನೋಡಿಕೊಳ್ಳಿ, ಕತ್ತರಿಸಿದ ಪ್ರತಿಗಳೂ ಓಡಾಡುತ್ತಿವೆ. ನಿಮ್ಮೂರಿನ ಟೆಂಟಿನಲ್ಲಿ ನೋಡಿ ಇನ್ನೂ ಮರೆಯದ ಸಣ್ಣ ಸಿನಿಮಾ ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೇ ಇಟ್ಟಿದ್ದೇನೆ.

— ಸಂಪಾದಕರು