ಜಿಲ್ಲಾಧಿಕಾರಿಗಳೇ, ದೂರು ಬರೆದವರಿಗೆ ಅಲ್ಲೇ ಉತ್ತರ ಕೊಡಿಸಿ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕಾರವಾರ

ನಮಸ್ಕಾರ.

ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿ, ಆಸ್ಪತ್ರೆಗಳ ಬಗ್ಗೆ ಗೂಗಲ್ ಮ್ಯಾಪ್‌ನಲ್ಲಿ ಜನ ಬರೆದದ್ದನ್ನು ದಯವಿಟ್ಟು ಒಮ್ಮೆ ಕೂತು ಓದಿ.

ಶಿರಸಿಯಿಂದ ಕಾರವಾರ ನೂರು ಕಿಲೋಮೀಟರ್‌ಗೂ ಜಾಸ್ತಿ. ಸಿದ್ದಾಪುರ, ಹಳಿಯಾಳದವರಿಗೂ ಹತ್ತಿರವೇನಲ್ಲ. ಘಟ್ಟ ಇಳಿಯುವ ಮೊದಲು ಆಫೀಸು ತೆಗೆದಿದೆಯೋ ಇಲ್ಲವೋ ಅಂತ ಜನ ಮೊಬೈಲ್‌ನಲ್ಲೇ ನೋಡುವುದು. ನಮ್ಮ ಪಕ್ಕದ ಮನೆಯವರು ಹಾಗೆ ನೋಡಿಕೊಂಡೇ ಹೊರಟಿದ್ದರು. ಹೋದರೆ ಬಾಗಿಲಿಗೆ ಬೀಗ. ಅವತ್ತು ನಾಲ್ಕನೇ ಶನಿವಾರ. ಆ ರಜೆ ಶುರುವಾದದ್ದು 2019ರಲ್ಲಿ, ಮ್ಯಾಪ್‌ನಲ್ಲಿ ಮಾತ್ರ ಯಾರೂ ತಿದ್ದಿಲ್ಲ. ಅಲ್ಲಿರುವ ಫೋನ್ ನಂಬರ್ ಕೂಡ ಹತ್ತುವುದಿಲ್ಲ.

ಅದೇ ಕಚೇರಿಯ ಕೆಳಗೆ ಒಬ್ಬರು ಖಾಲಿ ಕುರ್ಚಿಯ ಫೋಟೋ ಹಾಕಿ, ಬಂದಾಗೆಲ್ಲ ಸರ್ವರ್ ಇಲ್ಲ ಅಂತಾರೆ ಎಂದು ಬರೆದಿದ್ದಾರೆ. ಒಂದೇ ಸ್ಟಾರ್. ಉತ್ತರ ಇಲ್ಲ. ಅದರ ಬೆನ್ನಿಗೇ ಒಂದೇ ವಾರದಲ್ಲಿ ಸಾಲಾಗಿ ಐದೈದು ಸ್ಟಾರ್, ಎಲ್ಲದಕ್ಕೂ ‘ಒಳ್ಳೆ ಸೇವೆ’ ಎಂಬ ಒಂದೇ ಮಾತು. ಯಾರು ಹಾಕಿದರೋ ಗೊತ್ತಿಲ್ಲ. ಆದರೆ ಓದಿದವರು ಯಾರೂ ನಂಬುವುದಿಲ್ಲ, ಇದ್ದ ವಿಶ್ವಾಸವೂ ಹೋಗುತ್ತದೆ. ತಮ್ಮ ಕಚೇರಿಗೆ ಸಿಬ್ಬಂದಿಯೇ ಸ್ಟಾರ್ ಕೊಟ್ಟುಕೊಳ್ಳುವುದು ಗೂಗಲ್ ನಿಯಮಕ್ಕೂ ವಿರುದ್ಧ.

ಕೆಟ್ಟ ಹೆಸರು ಅಳಿಸಿಕೊಡುತ್ತೇವೆ ಅಂತ ಏಜೆನ್ಸಿಗಳು ಬಂದರೆ ದಯವಿಟ್ಟು ದುಡ್ಡು ಸುರಿಯಬೇಡಿ. ಖಾರವಾಗಿದೆ ಎಂಬ ಕಾರಣಕ್ಕೆ ಗೂಗಲ್ ಯಾರ ಮಾತನ್ನೂ ತೆಗೆಯುವುದಿಲ್ಲ. ಕೇಸ್ ವರ್ಕರ್‌ಗಳ ಹೆಸರು ಹಿಡಿದು ಹೊಲಸು ಬೈದಿದ್ದರೆ ಮಾತ್ರ ರಿಪೋರ್ಟ್ ಮಾಡಿಸಿ, ಆ ರಕ್ಷಣೆ ಅವರಿಗೆ ಸಿಗಲೇಬೇಕು. ಉಳಿದದ್ದಕ್ಕೆ ಉತ್ತರ ಬರೆಸಿ. ಕಚೇರಿಯ ಪುಟ ನಮ್ಮದೇ ಅಂತ ದೃಢಪಡಿಸಿಕೊಂಡರೆ ಸಾಕು, ಸಮಯ, ನಂಬರ್ ತಿದ್ದಬಹುದು, ದೂರಿನ ಕೆಳಗೇ ಉತ್ತರ ಕೊಡಬಹುದು. ಖರ್ಚಿಲ್ಲ.

ಉತ್ತರ ಅಂದರೆ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಲ್ಲ. ಸರ್ವರ್ ಎರಡು ದಿನ ಕೆಟ್ಟಿತ್ತು, ಈಗ ಸರಿಯಾಗಿದೆ, ಅರ್ಜಿ ಕೊಟ್ಟಾಗ ಸಿಕ್ಕ ಸಕಾಲ ರಶೀದಿ ಹಿಡಿದು ಇಂಥ ಕೌಂಟರಿಗೆ ಬನ್ನಿ. ಇಷ್ಟು ಬರೆದರೆ ಮುಂದೆ ಓದುವ ಹತ್ತು ಜನರಿಗೂ ಉಪಯೋಗ. ಆಸ್ಪತ್ರೆಯವರು ಮಾತ್ರ ರೋಗಿಯ ಕಾಯಿಲೆಯ ಸುದ್ದಿ ಅಲ್ಲಿ ಎತ್ತಬಾರದು, ಮಾತಾಡಲು ಒಂದು ನಂಬರ್ ಕೊಡಲಿ.

2011ರ ಸಕಾಲ ಕಾಯ್ದೆಯಲ್ಲೇ ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ಜನ ಕೇಳುತ್ತಿರುವುದು ಆ ದುಡ್ಡನ್ನಲ್ಲ, ಕೆಲಸ ಯಾಕೆ ನಿಂತಿದೆ ಎಂಬ ಒಂದು ಮಾತನ್ನು.

ಪ್ರತಿ ಕಚೇರಿಯಲ್ಲೂ ಈ ಕೆಲಸಕ್ಕೆ ಒಬ್ಬರನ್ನು ನೇಮಿಸಿ. ಮತ್ತೆ ಮತ್ತೆ ಬರುವ ದೂರುಗಳನ್ನು ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಶಾಸಕರ ಎದುರೇ ಓದಿಸಿ.

ಇಂತಿ,
ಶಿರಸಿಯ ಒಬ್ಬ ನಿವಾಸಿ