ಶಟರ್ ಇಲ್ಲದ ಸಾಕೆಟ್ ಇನ್ನು ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಬೆಟಗೇರಿ, ಗದಗ

ಗ್ರಾಹಕ ಬಂಧುಗಳಿಗೆ ಶರಣು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಶಟರ್ (ತೂತಿನೊಳಗಿನ ಪುಟ್ಟ ಬಾಗಿಲು) ಇಲ್ಲದ ಸಾಕೆಟ್ಟಾಗಲಿ, ಎಕ್ಸ್‌ಟೆನ್ಷನ್ ಬಾಕ್ಸಾಗಲಿ ಸಿಗುವುದಿಲ್ಲ. ಮನೆ ವೈರಿಂಗ್ ಕೆಲಸ ಹಿಡಿದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಹಾಕಿಯೇ ಮುಗಿಸುತ್ತೇವೆ. ಅದು ಬೇಡ ಅನ್ನುವವರ ಕೆಲಸ ಒಪ್ಪಿಕೊಳ್ಳುವುದಿಲ್ಲ. ಇದರಿಂದ ನಿಮ್ಮ ಖರ್ಚು ಏರುತ್ತದೆ, ಹಾಗಾಗಿ ಕಾರಣ ಹೇಳಬೇಕು.

ನಮ್ಮೂರಿನ ಎಷ್ಟೋ ಮನೆಗಳಲ್ಲಿ ಮಗ್ಗ, ಅಡಿಗೆ, ಹಾಸಿಗೆ ಎಲ್ಲವೂ ಒಂದೇ ಪಡಸಾಲೆಗೆ ಹೊಂದಿಕೊಂಡಿರುತ್ತವೆ. ಮೋಟಾರಿನ ವೈರು ಹಾದುಹೋದಲ್ಲೇ ಕೂಸು ಅಂಬೆಗಾಲಿಡುತ್ತದೆ. ನೆಲದಿಂದ ಒಂದಡಿ ಮೇಲಿರುವ ಪ್ಲಗ್ ಪಾಯಿಂಟು ಅದರ ಕಣ್ಣಿಗೆ ಸರಿಯಾಗಿ ಬೀಳುತ್ತದೆ. ಹೇರ್‌ಪಿನ್ನು, ಮೊಳೆ, ಕೀಲಿಕೈ, ಏನು ಸಿಕ್ಕರೂ ತೂತಿನೊಳಗೆ ತೂರಿಸಿ ನೋಡುವ ವಯಸ್ಸು ಅದು. ಶಟರ್ ಇದ್ದರೆ ಕೆಳಗಿನ ಎರಡು ತೂತುಗಳಲ್ಲಿ ಒಂದಕ್ಕೆ ಏನನ್ನೋ ಚುಚ್ಚಿದ ಮಾತ್ರಕ್ಕೆ ಒಳಗಿನ ಬಾಗಿಲು ತೆರೆಯುವುದಿಲ್ಲ.

ಆದರೆ ದೊಡ್ಡವರ ಒಂದು ರೂಢಿ ಬಿಡಲೇಬೇಕು. ಎರಡು ಪಿನ್ನಿನ ಪ್ಲಗ್ ಹೋಗಲಿಲ್ಲವೆಂದು ಮೇಲಿನ ದೊಡ್ಡ ತೂತಿಗೆ ಟೆಸ್ಟರ್ ಒತ್ತಿ ಶಟರ್ ತೆರೆಯುತ್ತೇವೆ, ಪ್ಲಗ್ಗೇ ಇಲ್ಲದಿದ್ದರೆ ಬರೀ ವೈರು ತೂರಿಸಿ ಬೆಂಕಿಕಡ್ಡಿ ಸಿಗಿಸುತ್ತೇವೆ. ಪಕ್ಕದಲ್ಲೇ ಕೂತ ಮಗು ಅದನ್ನು ನೋಡಿ ಕಲಿಯುತ್ತದೆ.

"ಎಂಸಿಬಿ ಐತಲ್ಲ, ಮತ್ಯಾಕ?" ಎಂದು ಬಹಳ ಮಂದಿ ಕೇಳುತ್ತಾರೆ. ಎಂಸಿಬಿ, ಅಂದರೆ ಬೋರ್ಡಿನಲ್ಲಿರುವ ಮಾಮೂಲಿ ಬ್ರೇಕರ್, ಟ್ರಿಪ್ ಆಗುವುದು ಲೋಡು ಮಿತಿಮೀರಿದಾಗ, ಇಲ್ಲವೇ ಶಾರ್ಟ್ ಆದಾಗ. ಮಗುವಿನ ಮೈಯೊಳಗೆ ಹರಿದು ಜೀವ ತೆಗೆಯುವ ಕರೆಂಟು ಒಂದು ಆಂಪಿಯರ್‌ಗಿಂತ ಎಷ್ಟೋ ಕಡಿಮೆ. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ತಾಳೆ ನೋಡಿ, ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಹಾಗಂತ ಅದೊಂದೇ ಸಾಲದು. ಮಗು ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ನೆಲಕ್ಕೆ ಸೋರಿಕೆಯೇ ಆಗದಿರಬಹುದು, ಆಗ ಆರ್‌ಸಿಸಿಬಿ ಸುಮ್ಮನಿರುತ್ತದೆ. ಅದಕ್ಕೇ ಶಟರೂ ಬೇಕು, ಗಟ್ಟಿ ಅರ್ಥಿಂಗೂ ಬೇಕು.

ಇವಿಷ್ಟನ್ನೇ ನಂಬಿ ಕೂರಲಾಗದ ಅಪಾಯಗಳೂ ಇವೆ. 2023ರ ಆಗಸ್ಟಿನಲ್ಲಿ ಕಾರವಾರ ತಾಲ್ಲೂಕಿನಲ್ಲಿ, ಸ್ವಿಚ್ ಆಫ್ ಮಾಡದೆ ಬಿಟ್ಟಿದ್ದ ಮೊಬೈಲ್ ಚಾರ್ಜರಿನ ತುದಿ ಬಾಯಿಗಿಟ್ಟು ಎಂಟು ತಿಂಗಳ ಕೂಸು ತೀರಿಕೊಂಡಿತು. ದಯವಿಟ್ಟು ಫೋನು ತೆಗೆದ ಕೂಡಲೇ ಸ್ವಿಚ್ ಆರಿಸಿ, ಚಾರ್ಜರ್ ಎತ್ತಿಡಿ. ಬಕೆಟ್ಟಿನ ಹೀಟರ್ ರಾಡಿನ ಪ್ಲಗ್ ಕಿತ್ತ ಮೇಲಷ್ಟೇ ಮಕ್ಕಳನ್ನು ಬಚ್ಚಲಿಗೆ ಬಿಡಿ.

ಮಗುವಿಗೆ ಕರೆಂಟ್ ಹೊಡೆದರೆ ಮೊದಲು ಮೇನ್ ಆಫ್ ಮಾಡಿ. ಅದಕ್ಕೂ ಮುಂಚೆ ಮಗುವನ್ನು ಬರಿಗೈಲಿ ಮುಟ್ಟಬೇಡಿ. ಆಮೇಲೆ 108ಕ್ಕೆ ಕರೆ ಮಾಡಿ.

ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹಳೇ ಸಾಕೆಟ್ ಬದಲಿಸಲು ಕೂಲಿ ತೆಗೆದುಕೊಳ್ಳುವುದಿಲ್ಲ, ಸಾಮಾನಿನ ದುಡ್ಡು ಕೊಟ್ಟರೆ ಸಾಕು. ಆರ್‌ಸಿಸಿಬಿ ಹಣವನ್ನು ಎರಡು ಕಂತಿನಲ್ಲಿ ಕೊಡಬಹುದು. ಈಗಾಗಲೇ ಹಾಕಿಸಿದವರು ತಿಂಗಳಿಗೊಮ್ಮೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ ನೋಡಿ. ಅದರ ಹಿಡಿ ಕೆಳಗೆ ಬೀಳದಿದ್ದರೆ ಅವತ್ತೇ ನಮಗೆ ತಿಳಿಸಿ.

ನಿಮ್ಮ ಎಲೆಕ್ಟ್ರಿಕಲ್ ಅಂಗಡಿಯವರು